ಆಟದಂಗಳದಲ್ಲಿ ಪರಭಾಷೆ

ಪರಭಾಷೆಯನ್ನು ಕಲಿಯುವ ದಾರಿಗಳು ಎರಡು. ಪುಸ್ತಕವನ್ನು ಮುಂದಿಟ್ಟುಕೊಂಡು, ವ್ಯಾಕರಣದ ಸೂತ್ರಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ತೇರ್ಗಡೆ ಹೊಂದುವುದು ಒಂದು ದಾರಿ. ಆ ಭಾಷೆಯನ್ನಾಡುವವರ ನಡುವೆ ನಿಂತು, ತನಗೆ ಬೇಕಾದುದನ್ನು ಕೇಳಿ ಪಡೆದು, ತಪ್ಪುತ್ತ ತಿದ್ದಿಕೊಳ್ಳುತ್ತ ಮುಂದುವರಿಯುವುದು ಇನ್ನೊಂದು ದಾರಿ. ಮೊದಲನೆಯದನ್ನು ಶಾಲೆಯ ದಾರಿ ಎನ್ನಬಹುದು. ಎರಡನೆಯದನ್ನು ಸಂತೆಯ ದಾರಿ ಎನ್ನಬಹುದು. ಬೆಂಗಳೂರಿನ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಎಷ್ಟೋ ಹೆಣ್ಣುಮಕ್ಕಳು ಕನ್ನಡ, ತಮಿಳು, ತೆಲುಗು, ಉರ್ದು ಭಾಷೆಗಳಲ್ಲಿ ನಿರಾಯಾಸವಾಗಿ ವ್ಯಾಪಾರ ಮಾಡುತ್ತಾರೆ. ಅವರಿಗೆ ಆ ಭಾಷೆಗಳ ವಿಭಕ್ತಿ ಪ್ರತ್ಯಯಗಳನ್ನು ಯಾರೂ ಹೇಳಿಕೊಟ್ಟಿಲ್ಲ. ಹತ್ತಾರು ವರ್ಷ ಇಂಗ್ಲಿಷನ್ನು ಓದಿ ಪದವಿ ಪಡೆದ ತರುಣನಾದರೋ, ಅಪರಿಚಿತನೊಬ್ಬನು ಬಂದು ಆ ಭಾಷೆಯಲ್ಲಿ ದಾರಿ ಕೇಳಿದರೆ ತಡವರಿಸುತ್ತಾನೆ. ಓದಿದವನಿಗೆ ಬಾರದ ಮಾತು ಓದದವಳಿಗೆ ಬರುವುದೇಕೆ? ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಶಿಕ್ಷಣದ ಮೂಲಕ್ಕೇ ಸಂಬಂಧಿಸಿದ್ದು.

ಈ ಎರಡು ದಾರಿಗಳನ್ನೂ ಕೂಡಿಸಬೇಕೆಂಬ ಪ್ರಯತ್ನವೊಂದು ಯುರೋಪಿನ ಹಲವು ದೇಶಗಳಲ್ಲಿ ನಡೆದಿದೆ. ಅದೇ ಮಕ್ಕಳ ಬೇಸಿಗೆಯ ಇಂಗ್ಲಿಷ್ ಶಿಬಿರ. ಅದರ ಗುಣದೋಷಗಳನ್ನು ಅರಿಯಲು ಇಟಲಿ ದೇಶ ಒಳ್ಳೆಯ ನಿದರ್ಶನ.

ಕರ್ನಾಟಕದಲ್ಲಿ ಬೇಸಿಗೆಯ ರಜೆ ಯುಗಾದಿಯ ಆಸುಪಾಸಿನಲ್ಲಿ ಮೊದಲಾಗಿ ಮುಂಗಾರಿನ ಮೊದಲ ಹನಿಗಳೊಡನೆ ಮುಗಿಯುತ್ತದೆ. ಇಟಲಿಯಲ್ಲಿ ರಜೆ ಆರಂಭವಾಗುವುದು ಆ ಹೊತ್ತಿಗೆ. ಜೂನ್ ತಿಂಗಳ ಪೂರ್ವಾರ್ಧದಲ್ಲಿ ಮುಚ್ಚಿದ ಶಾಲೆಗಳು ಮತ್ತೆ ಬಾಗಿಲು ತೆರೆಯುವುದು ಸೆಪ್ಟೆಂಬರಿನ ನಡುಭಾಗದಲ್ಲಿ. ಸುಮಾರು ಮೂರು ತಿಂಗಳ ಈ ದೀರ್ಘ ವಿರಾಮದಲ್ಲಿ ತಂದೆತಾಯಂದಿರಿಬ್ಬರೂ ದುಡಿಯಲು ಹೋಗುವ ಮನೆಗಳ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಈ ಅಗತ್ಯದಿಂದ ಊರೂರಿನಲ್ಲಿ ಶಿಬಿರಗಳು ಏರ್ಪಡುತ್ತವೆ. ಕೆಲವು ಶಿಬಿರಗಳು ಖಾಲಿಯಾದ ಶಾಲೆಯ ಅಂಗಳದಲ್ಲಿಯೇ ನಡೆದರೆ, ಕೆಲವು ಚರ್ಚಿನ ಆವರಣದಲ್ಲಿ, ಮತ್ತೆ ಕೆಲವು ಕಡಲ ತೀರದಲ್ಲಿ ಅಥವಾ ಬೆಟ್ಟದ ತಪ್ಪಲಿನಲ್ಲಿ ನಡೆಯುತ್ತವೆ. ಇವುಗಳಲ್ಲಿ ಇಂಗ್ಲಿಷ್ ಶಿಬಿರಗಳದೇ ಒಂದು ಪ್ರತ್ಯೇಕ ವರ್ಗ. ಇಂಗ್ಲೆಂಡ್, ಐರ್ಲೆಂಡ್, ಅಮೆರಿಕಾ ಮೊದಲಾದ ದೇಶಗಳಿಂದ ಬಂದ ತರುಣ ತರುಣಿಯರು ಇಲ್ಲಿ ಕಲಿಸುವವರು. ಅವರಲ್ಲಿ ಅನೇಕರು ಕಾಲೇಜಿನ ವಿದ್ಯಾರ್ಥಿಗಳು. ಸಾಮಾನ್ಯವಾಗಿ ಅವರು ಶಿಬಿರಕ್ಕೆ ಬರುವ ಮಕ್ಕಳ ಮನೆಗಳಲ್ಲಿಯೇ ಅತಿಥಿಗಳಾಗಿ ತಂಗುತ್ತಾರೆ. ಒಂದೆರಡು ವಾರ ಕಳೆದೊಡನೆ ಗಂಟು ಕಟ್ಟಿಕೊಂಡು ಮತ್ತೊಂದು ಊರಿಗೆ ಹೊರಡುತ್ತಾರೆ.

ಮಕ್ಕಳನ್ನು ಬೇಸಿಗೆಯಲ್ಲಿ ಒಂದೆಡೆ ಸೇರಿಸುವ ಪದ್ಧತಿ ಇಟಲಿಗೆ ಹೊಸದಲ್ಲ. 19ನೆಯ ಶತಮಾನದ ಮಧ್ಯಭಾಗದಲ್ಲಿ ಫ್ಲಾರೆನ್ಸಿನ ವೈದ್ಯ ಜುಸೆಪ್ಪೆ ಬರೆಲ್ಲಾಯಿ ಎಂಬಾತನು ರೋಗಪೀಡಿತರಾದ ಬಡ ಮಕ್ಕಳಿಗೆ ಸಮುದ್ರದ ಗಾಳಿ ಬಿಸಿಲುಗಳು ಹಿತವೆಂದು ನಂಬಿ ವಿಯಾರೆಜ್ಜೊ ಎಂಬ ಕಡಲೂರಿನಲ್ಲಿ ಆರೈಕೆಯ ಏರ್ಪಾಟು ಮಾಡಿದನು. ದಯೆಯಿಂದ ಹುಟ್ಟಿದ ಆ ಪದ್ಧತಿ ಮುಂದೆ ಬೇರೆ ಕೈಗಳಿಗೆ ಸಿಕ್ಕಿತು. 1922ರಲ್ಲಿ ಅಧಿಕಾರಕ್ಕೆ ಬಂದ ಮುಸೊಲಿನಿಯ ಸರ್ಕಾರವು ಕಡಲ ತೀರಗಳಲ್ಲಿ ದೊಡ್ಡ ದೊಡ್ಡ ಭವನಗಳನ್ನು ಕಟ್ಟಿಸಿ, ಮಕ್ಕಳಿಗೆ ಸಮವಸ್ತ್ರ ತೊಡಿಸಿ, ಸಾಲಾಗಿ ನಿಲ್ಲಿಸಿ, ನಾಯಕನಿಗೆ ಜಯಕಾರ ಹಾಕುವುದನ್ನು ಕಲಿಸಿತು. ಅದೇ ಕಡಲು, ಅದೇ ಬಿಸಿಲು, ಅದೇ ಮಕ್ಕಳು; ಬದಲಾದದ್ದು ಉದ್ದೇಶ ಮಾತ್ರ. ಶಿಬಿರ ಒಳ್ಳೆಯದೆ ಕೆಟ್ಟದ್ದೆ ಎಂಬ ಪ್ರಶ್ನೆಗೆ ಆದ್ದರಿಂದ ಒಂದೇ ಮಾತಿನ ಉತ್ತರವಿಲ್ಲ. ಅಲ್ಲಿ ಮಗುವಿನ ಮನಸ್ಸಿಗೆ ಏನಾಗುತ್ತದೆ ಎಂಬುದೇ ಪರೀಕ್ಷೆಯ ಒರೆಗಲ್ಲು.

ಶಿಬಿರದ ದಿನಚರಿಯನ್ನು ನೋಡಿದರೆ ಇದು ಸ್ಪಷ್ಟವಾದೀತು. ಬೆಳಿಗ್ಗೆ ಮಕ್ಕಳೆಲ್ಲರೂ ಅಂಗಳದಲ್ಲಿ ದುಂಡಾಗಿ ನಿಲ್ಲುತ್ತಾರೆ. ಒಂದು ಹಾಡು, ಹಾಡಿನೊಡನೆ ಕೈಕಾಲುಗಳ ಅಭಿನಯ. ತಲೆ ಎಂದಾಗ ತಲೆ ಮುಟ್ಟಬೇಕು, ಮಂಡಿ ಎಂದಾಗ ಮಂಡಿ ಮುಟ್ಟಬೇಕು. ಪದದ ಅರ್ಥವನ್ನು ಯಾರೂ ವಿವರಿಸುವುದಿಲ್ಲ. ಪಕ್ಕದವನ ಕೈ ಎಲ್ಲಿಗೆ ಹೋಯಿತೆಂಬುದನ್ನು ನೋಡಿದರೆ ಅರ್ಥ ತಾನಾಗಿ ತಿಳಿಯುತ್ತದೆ. ಅನಂತರ ಚಿಕ್ಕ ಚಿಕ್ಕ ಗುಂಪುಗಳಲ್ಲಿ ಅಭ್ಯಾಸ ಪುಸ್ತಕದ ಕೆಲಸ, ಚಿತ್ರ ಬಿಡಿಸುವುದು, ಕಾಗದ ಕತ್ತರಿಸಿ ಮುಖವಾಡ ಮಾಡುವುದು. ಮಧ್ಯಾಹ್ನದ ಮೇಲೆ ಬಚ್ಚಿಟ್ಟ ವಸ್ತುವನ್ನು ಸುಳಿವು ಹಿಡಿದು ಹುಡುಕುವ ಆಟ. ಕೊನೆಯ ದಿನ ತಂದೆತಾಯಿಗಳ ಮುಂದೆ ಪುಟ್ಟದೊಂದು ನಾಟಕ. ಮೊದಲ ದಿನ ಗೋಡೆಗೆ ಒರಗಿ ಮೂಕನಂತೆ ನಿಂತಿದ್ದ ಬಾಲಕನು ಆ ನಾಟಕದಲ್ಲಿ ತೋಳನ ಮುಖವಾಡ ಧರಿಸಿ ಎರಡು ಇಂಗ್ಲಿಷ್ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿದನೆಂದರೆ, ಅವನ ತಾಯಿಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇರೊಂದು ಬೇಕಿಲ್ಲ.

ಈ ಕ್ರಮದ ಹಿಂದೆ ಇಟಲಿಯದೇ ಆದ ಒಂದು ಶ್ರೇಷ್ಠ ಚಿಂತನೆಯ ನೆರಳಿದೆ. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ಮರಿಯಾ ಮಾಂಟೆಸೊರಿ ತಮ್ಮ ಮೊದಲ 'ಮಕ್ಕಳ ಮನೆ'ಯನ್ನು ತೆರೆದರು. ಮಗುವಿನ ಬುದ್ಧಿ ಬೆಳೆಯುವುದು ಕೈಯ ಕೆಲಸದಿಂದ, ಮಗು ತನ್ನ ಸುತ್ತಲಿನ ಪರಿಸರದಿಂದ ಭಾಷೆಯನ್ನು ಹೀರಿಕೊಳ್ಳುತ್ತದೆ ಎಂಬುದು ಅವರ ನಿಲುವು. ಆ ಮಹಾಶಿಕ್ಷಕಿಗೂ ಭಾರತಕ್ಕೂ ಗಾಢವಾದ ನಂಟು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಅವರು ಎರಡನೆಯ ಮಹಾಯುದ್ಧದ ಕಾರಣದಿಂದ 1946ರವರೆಗೂ ಈ ದೇಶದಲ್ಲಿಯೇ ಉಳಿದು ಸಾವಿರಾರು ಉಪಾಧ್ಯಾಯರಿಗೆ ಮಾರ್ಗದರ್ಶನ ಮಾಡಿದರು. ಅವರು ಅಹಮದಾಬಾದಿನಲ್ಲಿ ಮಾಡಿದ ಉಪನ್ಯಾಸಗಳಿಂದಲೇ 1949ರ ಅವರ ಪ್ರಸಿದ್ಧ ಗ್ರಂಥವೊಂದು ರೂಪುಗೊಂಡಿತು. ಶಿಬಿರದಲ್ಲಿ ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ 'ಕಟ್' ಎಂಬ ಪದವನ್ನು ಕಲಿಯುವ ಮಗು ಆ ಪದವನ್ನು ಕಿವಿಯಿಂದ ಮಾತ್ರವಲ್ಲ, ಬೆರಳಿನಿಂದಲೂ ಕಲಿಯುತ್ತದೆ. ಬೆರಳು ಕಲಿತದ್ದನ್ನು ಮನಸ್ಸು ಬೇಗ ಮರೆಯುವುದಿಲ್ಲ.

ಆದರೆ ಶಿಬಿರದ ಮುಖ್ಯ ಲಾಭ ಪದಗಳ ಸಂಖ್ಯೆಯಲ್ಲಿಲ್ಲ. ಪರಭಾಷೆಯನ್ನು ಕಲಿಯುವವನಿಗೆ ಎದುರಾಗುವ ದೊಡ್ಡ ಶತ್ರು ಅಜ್ಞಾನವಲ್ಲ, ಅಂಜಿಕೆ. ತಾನು ಬಾಯಿ ತೆರೆದರೆ ತಪ್ಪಾದೀತು, ತಪ್ಪಾದರೆ ಇತರರು ನಕ್ಕಾರು ಎಂಬ ಭಯವು ತಿಳಿದ ಮಾತನ್ನೂ ಗಂಟಲಿನಲ್ಲಿಯೇ ತಡೆಯುತ್ತದೆ. ಅಂಜಿಕೆಯ ಮನಸ್ಸಿನೊಳಕ್ಕೆ ಭಾಷೆ ಇಳಿಯಲಾರದೆಂದು ಅಮೆರಿಕದ ಭಾಷಾವಿದ್ವಾಂಸ ಸ್ಟೀಫನ್ ಕ್ರಾಶೆನ್ 1980ರ ದಶಕದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು. ಅವರ ಸಿದ್ಧಾಂತದ ಇತರ ಭಾಗಗಳ ಬಗ್ಗೆ ವಿದ್ವಾಂಸರಲ್ಲಿ ವಾದವಿವಾದಗಳು ಉಂಟು. ಆದರೆ ಈ ಒಂದು ಮಾತಿನ ಸತ್ಯವನ್ನು ಪಾಠ ಹೇಳಿದ ಉಪಾಧ್ಯಾಯರೆಲ್ಲರೂ ಬಲ್ಲರು. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ನಮ್ಮಲ್ಲಿದೆ. ಹಾಡಲು ಹೆದರುವವನಿಗೆ ರಾಗ ಬರುವುದೆಂತು?

ತಪ್ಪು ಎಂಬುದರ ಸ್ವರೂಪವನ್ನೂ ಇಲ್ಲಿ ಸ್ವಲ್ಪ ವಿಚಾರ ಮಾಡಬೇಕು. ವಯಸ್ಸು ಎಷ್ಟೆಂದು ಕೇಳಿದರೆ ಇಂಗ್ಲಿಷ್ ಮಗು 'ನಾನು ಒಂಬತ್ತು' ಎಂಬ ಅರ್ಥ ಬರುವಂತೆ ಉತ್ತರಿಸುತ್ತದೆ. ಇಟಲಿಯ ಮಗು ತನ್ನ ಭಾಷೆಯಲ್ಲಿ 'ನಾನು ಒಂಬತ್ತು ವರ್ಷಗಳನ್ನು ಹೊಂದಿದ್ದೇನೆ' ಎಂದು ಹೇಳುತ್ತದೆ. ಕನ್ನಡದ ಮಗು 'ನನಗೆ ಒಂಬತ್ತು ವರ್ಷ' ಎನ್ನುತ್ತದೆ. ಒಂದು ಭಾಷೆಯಲ್ಲಿ ಮನುಷ್ಯನೇ ತನ್ನ ವಯಸ್ಸು. ಇನ್ನೊಂದರಲ್ಲಿ ವಯಸ್ಸು ಅವನ ಸ್ವತ್ತು. ಮೂರನೆಯದರಲ್ಲಿ ಅದು ಅವನಿಗೆ ಸಂದದ್ದು. ಹಸಿವಿನ ವಿಷಯದಲ್ಲಿಯೂ ಹೀಗೆಯೇ. ಇಟಲಿಯ ಮಗು ಹಸಿವನ್ನು 'ಹೊಂದುತ್ತದೆ', ಕನ್ನಡದ ಮಗುವಿಗೆ ಹಸಿವು 'ಆಗುತ್ತದೆ'. ಆದ್ದರಿಂದ ಇಟಲಿಯ ಬಾಲಕಿಯೊಬ್ಬಳು ಶಿಬಿರದಲ್ಲಿ 'ಐ ಹ್ಯಾವ್ ನೈನ್ ಇಯರ್ಸ್' ಎಂದರೆ ಅದು ದಡ್ಡತನವಲ್ಲ. ಅವಳ ತಾಯ್ನುಡಿ ಪರಭಾಷೆಯ ಅಂಗಿಯನ್ನು ತೊಟ್ಟು ಹೊರಗೆ ಬಂದಿದೆ, ಅಷ್ಟೆ. ಉಚ್ಚಾರಣೆಯಲ್ಲಿಯೂ ಇದೇ ಬಗೆ. ಇಟಾಲಿಯನ್ ಪದಗಳಲ್ಲಿ ಬಹುಪಾಲು ಸ್ವರದಲ್ಲಿ ಕೊನೆಗೊಳ್ಳುವುದರಿಂದ ಅಲ್ಲಿಯ ಮಕ್ಕಳು ಇಂಗ್ಲಿಷ್ ಪದಗಳ ಕೊನೆಗೂ ಸ್ವರವೊಂದನ್ನು ಅಂಟಿಸುತ್ತಾರೆ. ಬಸ್ಸನ್ನು 'ಬಸ್ಸು' ಎಂದೂ ಬುಕ್ಕನ್ನು 'ಬುಕ್ಕು' ಎಂದೂ ಕರೆಯುವ ಕನ್ನಡಿಗರಿಗೆ ಇದು ಅಪರಿಚಿತವೆನಿಸಲಾರದು. ಎರಡು ದೂರದ ದೇಶಗಳ ಮಕ್ಕಳು ಒಂದೇ ಬಗೆಯ 'ತಪ್ಪು' ಮಾಡುವಾಗ ಅದನ್ನು ತಪ್ಪೆಂದು ಹಳಿಯುವುದಕ್ಕಿಂತ ಕಾರಣವನ್ನು ಅರಿಯುವುದು ಉಪಾಧ್ಯಾಯರಿಗೆ ಭೂಷಣ.

ಶಿಬಿರಗಳನ್ನು ಆಕ್ಷೇಪಿಸುವವರೂ ಇದ್ದಾರೆ. ಎರಡು ವಾರ ಕುಣಿದು ಹಾಡಿದರೆ ಭಾಷೆ ಬಂದೀತೆ ಎಂದು ಅವರು ಕೇಳುತ್ತಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಟಲಿಯ ಪ್ರಾಥಮಿಕ ಶಾಲೆಯಲ್ಲಿ ಮೂರನೆಯ ತರಗತಿಯಿಂದ ವಾರಕ್ಕೆ 3 ಗಂಟೆ ಇಂಗ್ಲಿಷ್ ಪಾಠವಿದೆ. ವರ್ಷವಿಡೀ ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ 100 ಗಂಟೆ. ದಿನಕ್ಕೆ 7 ಗಂಟೆಯಂತೆ ವಾರಕ್ಕೆ ಐದು ದಿನ ನಡೆಯುವ ಶಿಬಿರದಲ್ಲಿ ಎರಡು ವಾರಕ್ಕೆ 70 ಗಂಟೆಗಳಾಗುತ್ತವೆ. ಲೆಕ್ಕದಲ್ಲಿ ಇದು ದೊಡ್ಡದಾಗಿಯೇ ಕಾಣುತ್ತದೆ. ಆದರೆ ಶಿಬಿರ ಮುಗಿದು, ಕಲಿಸಿದವರು ತಮ್ಮ ದೇಶಕ್ಕೆ ಹೊರಟುಹೋಗಿ, ಚಳಿಗಾಲ ಬರುವಷ್ಟರಲ್ಲಿ ಕಲಿತ ಪದಗಳಲ್ಲಿ ಬಹಳಷ್ಟು ಮಂಜಿನಂತೆ ಕರಗಿಹೋಗುವುದೂ ನಿಜ. ಬಳಸದ ಬಾವಿಯ ನೀರು ಹೇಗೋ ಬಳಸದ ಭಾಷೆಯೂ ಹಾಗೆಯೇ. ಎರಡು ವಾರಗಳಲ್ಲಿ ಇಂಗ್ಲಿಷ್ ಕಲಿಸುತ್ತೇವೆಂದು ಹೇಳುವ ಜಾಹೀರಾತು ಆದಕಾರಣ ನಂಬತಕ್ಕದ್ದಲ್ಲ. ಶಿಬಿರವು ಭಾಷೆಯನ್ನು ಕೊಡಲಾರದು. ಭಾಷೆಯ ಬಾಗಿಲಿನ ಚಿಲಕವನ್ನು ತೆಗೆಯಬಲ್ಲದು. ಒಳಗೆ ನಡೆಯುವ ಕೆಲಸ ವರ್ಷವಿಡೀ ಶಾಲೆಯಲ್ಲಿ, ಶ್ರಮದಿಂದ, ಪುಸ್ತಕ ಹಿಡಿದೇ ಆಗಬೇಕು. ಆಟವೇ ಸಾಕು, ವ್ಯಾಕರಣ ಬೇಡ ಎನ್ನುವವರು ಚಿಲಕ ತೆಗೆದದ್ದನ್ನೇ ಗೃಹಪ್ರವೇಶವೆಂದು ಭ್ರಮಿಸಿದಂತೆ.

ಶಿಬಿರದ ಗುಣವನ್ನು ಇಷ್ಟು ಒಪ್ಪಿಕೊಂಡ ಮೇಲೆ ಅದರಲ್ಲಿ ತಲೆಹಾಕಬಹುದಾದ ಮೂರು ದೋಷಗಳನ್ನೂ ಹೇಳಬೇಕಾಗುತ್ತದೆ.

ಮೊದಲನೆಯದು ಮಕ್ಕಳ ತಾಯ್ನುಡಿಗೆ ನಿಷೇಧ. ಶಿಬಿರದ ಆವರಣದಲ್ಲಿ ಇಂಗ್ಲಿಷಲ್ಲದೆ ಬೇರೆ ಮಾತು ಆಡಕೂಡದು, ಆಡಿದವರ ಅಂಕಗಳನ್ನು ಕಳೆಯಲಾಗುವುದು ಎಂಬ ನಿಯಮ ಮಾಡುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ನೀರಿಗಿಳಿಯದೆ ಈಜು ಬಾರದು, ದಡದ ಆಸೆ ಇದ್ದರೆ ಮಗು ನೀರಿಗಿಳಿಯುವುದೇ ಇಲ್ಲ ಎಂಬುದು ಅವರ ವಾದ. ವಾದದಲ್ಲಿ ಸ್ವಲ್ಪ ಹುರುಳಿದೆ. ಆಟದ ಹೊತ್ತಿನಲ್ಲಿ ಆದಷ್ಟೂ ಇಂಗ್ಲಿಷನ್ನೇ ಬಳಸೋಣವೆಂದು ಮಕ್ಕಳೇ ಒಪ್ಪಿ ಪಂದ್ಯ ಕಟ್ಟಿದರೆ ತಪ್ಪಿಲ್ಲ. ಆದರೆ ಏಳು ವರ್ಷದ ಮಗು ಮಂಡಿ ತರಚಿಕೊಂಡು ಅಳುತ್ತ ಬಂದಾಗ, ಅಥವಾ ಅಮ್ಮನ ನೆನಪಾಗಿ ಮೂಲೆಯಲ್ಲಿ ಕುಳಿತಾಗ, ಅದು ಯಾವ ಭಾಷೆಯಲ್ಲಿ ನೋವನ್ನು ಹೇಳಿಕೊಳ್ಳಬೇಕು? ಆಗಲೂ ಇಂಗ್ಲಿಷಿನಲ್ಲಿ ಹೇಳು ಎನ್ನುವವರು ಈಜು ಕಲಿಸುವವರಲ್ಲ, ಮುಳುಗಿಸುವವರು.

ಭಾಷೆಯನ್ನು ನಿಷೇಧಿಸುವುದರಿಂದ ಆಗುವ ಗಾಯ ಎಂಥದೆಂಬುದನ್ನು ಇಟಲಿ ತನ್ನ ಚರಿತ್ರೆಯಿಂದಲೇ ಬಲ್ಲದು. ಮೊದಲನೆಯ ಮಹಾಯುದ್ಧದ ತರುವಾಯ ಆಸ್ಟ್ರಿಯಾದಿಂದ ಇಟಲಿಗೆ ಸೇರಿದ ದಕ್ಷಿಣ ಟಿರೋಲ್ ಪ್ರಾಂತದಲ್ಲಿ ಜನರ ಮಾತು ಜರ್ಮನ್. 1923ರಿಂದ ಮುಂದೆ ಅಲ್ಲಿಯ ಶಾಲೆಗಳಲ್ಲಿ ಜರ್ಮನ್ ಭಾಷೆಯನ್ನು ತೆಗೆದುಹಾಕಿ ಇಟಾಲಿಯನನ್ನು ಹೇರಲಾಯಿತು. ಆಗ ತಂದೆತಾಯಿಗಳೂ ಉಪಾಧ್ಯಾಯಿನಿಯರೂ ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ ಗುಟ್ಟಾಗಿ ಪಾಠಶಾಲೆಗಳನ್ನು ನಡೆಸಿದರು. ನೆಲಮಾಳಿಗೆಯ ಗೋರಿಗಳ ಹೆಸರಿನಿಂದ ಅವನ್ನು 'ಕ್ಯಾಟಕೂಂಬ್ ಶಾಲೆ'ಗಳೆಂದು ಕರೆದರು. ಸಿಕ್ಕಿಬಿದ್ದವರು ಶಿಕ್ಷೆ ಅನುಭವಿಸಿದರು; ಭಾಷೆ ಮಾತ್ರ ಸಾಯಲಿಲ್ಲ. ಇಂದು ಆ ಪ್ರಾಂತದಲ್ಲಿ ಜರ್ಮನ್ ಮಾಧ್ಯಮದ ಶಾಲೆಗಳಿವೆ, ಅವುಗಳಲ್ಲಿ ಮಕ್ಕಳು ಇಟಾಲಿಯನನ್ನೂ ಕಲಿಯುತ್ತಾರೆ. ಬಲಾತ್ಕಾರ ಹೋದ ಮೇಲೆ ಕಲಿಕೆಗೆ ಸ್ಥಳ ದೊರೆಯಿತು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿಯೂ 19ನೆಯ ಶತಮಾನದ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತನಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ನೇತುಹಾಕುತ್ತಿದ್ದರು. ಆ ಮರದ ತುಂಡು ಈಗ ವಸ್ತುಸಂಗ್ರಹಾಲಯ ಸೇರಿದೆ. ಆದರೆ ತಾಯ್ನುಡಿಯಾಡಿದ ಮಗುವಿಗೆ ದಂಡ ಹಾಕುವ ಶಾಲೆ ಎಲ್ಲಿದ್ದರೂ, ಅದು ಕಣ್ಣಿಗೆ ಕಾಣದ ಮರದ ತುಂಡನ್ನು ಮಗುವಿನ ಕೊರಳಿಗೆ ಕಟ್ಟುತ್ತಿದೆ ಎಂದೇ ಹೇಳಬೇಕು.

ವಿವೇಕಿಯಾದ ಶಿಕ್ಷಕನು ಬೇರೊಂದು ರೀತಿಯಲ್ಲಿ ನಡೆಯುತ್ತಾನೆ. ಪಿಯಾನೊ, ಒಪೆರಾ, ಸ್ಟುಡಿಯೊ, ಬಾಲ್ಕನಿ ಮೊದಲಾದ ಪದಗಳನ್ನು ಇಂಗ್ಲಿಷ್ ಪಡೆದುಕೊಂಡದ್ದು ಇಟಾಲಿಯನ್ ಭಾಷೆಯಿಂದ. ಕೊಡೆಗೆ ಇಂಗ್ಲಿಷರು ಹೇಳುವ 'ಅಂಬ್ರೆಲಾ' ಎಂಬ ಪದದಲ್ಲಿಯೂ ನೆರಳು ಎಂಬ ಅರ್ಥದ ಇಟಾಲಿಯನ್ ಪದ ಅಡಗಿದೆ. ಇಟಲಿಯ ಮಗುವಿಗೆ ಇದನ್ನು ತೋರಿಸಿಕೊಟ್ಟರೆ ಅದರ ಕಣ್ಣು ಅರಳುತ್ತದೆ. ಪರರ ಮನೆಯಲ್ಲಿ ತನ್ನ ಮನೆಯ ಪಾತ್ರೆಯನ್ನು ಕಂಡಂತೆ ಅದಕ್ಕೆ ಆನಂದವಾಗುತ್ತದೆ. ಇಂಗ್ಲಿಷು ಸಾಲ ಕೊಡುವ ಸಾಹುಕಾರ ಮಾತ್ರವಲ್ಲ, ತಾನೂ ನಾಲ್ಕಾರು ಮನೆಗಳಲ್ಲಿ ಸಾಲ ಮಾಡಿದ ಭಾಷೆ ಎಂದು ತಿಳಿದ ಮಗು ಅದರ ಮುಂದೆ ಕೈಕಟ್ಟಿ ನಿಲ್ಲುವುದಿಲ್ಲ.

ಎರಡನೆಯ ದೋಷ ಕಲಿಸುವವರ ಆಯ್ಕೆಗೆ ಸಂಬಂಧಿಸಿದ್ದು. ಇಂಗ್ಲಿಷ್ ತಾಯ್ನುಡಿಯಾದವನೆಲ್ಲ ಇಂಗ್ಲಿಷನ್ನು ಕಲಿಸಬಲ್ಲ ಎಂಬ ನಂಬಿಕೆ ಪ್ರಪಂಚದಲ್ಲಿ ಆಳವಾಗಿ ಬೇರೂರಿದೆ. ರಾಬರ್ಟ್ ಫಿಲಿಪ್‌ಸನ್ ಎಂಬ ಭಾಷಾವಿದ್ವಾಂಸರು 1992ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನು ಒಂದು ಭ್ರಮೆಯೆಂದೇ ಕರೆದು ವಿಮರ್ಶಿಸಿದ್ದಾರೆ. ಒಂದು ಸಣ್ಣ ಪರೀಕ್ಷೆಯಿಂದ ಇದು ತಿಳಿದುಬರುತ್ತದೆ. 'ನಾನು ಹಸಿವಾಗಿದೆ' ಎನ್ನದೆ 'ನನಗೆ ಹಸಿವಾಗಿದೆ' ಎನ್ನುವುದೇಕೆ ಎಂದು ಅನ್ಯಭಾಷಿಕನೊಬ್ಬ ಕೇಳಿದರೆ ಕನ್ನಡವನ್ನು ಹುಟ್ಟಿನಿಂದ ಆಡಿದ ನೂರು ಜನರಲ್ಲಿ ಎಷ್ಟು ಮಂದಿ ಉತ್ತರ ಹೇಳಿಯಾರು? ಆಡಬಲ್ಲವನೆಲ್ಲ ಕಲಿಸಬಲ್ಲವನಲ್ಲ. ಶಿಬಿರಕ್ಕೆ ಬರುವ ತರುಣರಲ್ಲಿ ಮಕ್ಕಳ ಮೇಲಿನ ಪ್ರೀತಿ, ಉತ್ಸಾಹ, ತಾಳ್ಮೆ ಧಾರಾಳವಾಗಿರಬಹುದು. ಅವು ಅಮೂಲ್ಯವಾದ ಗುಣಗಳು. ಆದರೆ ಕೆಲವು ದಿನಗಳ ತರಬೇತಿಯನ್ನಷ್ಟೇ ಪಡೆದು ಬಂದವರನ್ನು ಆಚಾರ್ಯಪೀಠದಲ್ಲಿ ಕೂರಿಸಿ, ಅದೇ ಊರಿನಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ಉಪಾಧ್ಯಾಯಿನಿಯನ್ನು ಹೊರಗಿಡುವುದು ನ್ಯಾಯವಲ್ಲ. ಆಕೆಗೆ ಮಕ್ಕಳ ತಾಯ್ನುಡಿ ಗೊತ್ತು. ತಾನೂ ಒಂದು ಕಾಲದಲ್ಲಿ ಅದೇ ತಪ್ಪುಗಳನ್ನು ಮಾಡಿ ದಾಟಿ ಬಂದವಳಾದ್ದರಿಂದ ಮಗು ಎಲ್ಲಿ ಎಡವುವುದೆಂಬುದೂ ಗೊತ್ತು. ಹೊಳೆಯ ಆಚೆಯ ದಡದಲ್ಲಿ ಹುಟ್ಟಿದವನಿಗಿಂತ ಈಚೆಯ ದಡದಿಂದ ದಾಟಿ ಹೋದವನೇ ಹಾದಿಯನ್ನು ಚೆನ್ನಾಗಿ ತೋರಿಸಬಲ್ಲ. ಇಬ್ಬರೂ ಜೊತೆಯಾಗಿ ನಿಂತು ಕಲಿಸುವ ಶಿಬಿರವೇ ಉತ್ತಮವಾದದ್ದು. ಅಲ್ಲಿ ತರುಣನೂ ಕಲಿಯುತ್ತಾನೆ. ಆತಿಥ್ಯ ನೀಡಿದ ಮನೆಯಲ್ಲಿ ರೊಟ್ಟಿಗೂ ನೀರಿಗೂ ಇಟಾಲಿಯನ್ ಹೆಸರುಗಳನ್ನು ಕೇಳಿ ತಿಳಿದು ತೊದಲುವಾಗ, ಮನೆಯ ಮಕ್ಕಳು ನಗುತ್ತ ತಿದ್ದುವಾಗ, ಕಲಿಯುವವನ ಕಷ್ಟವೇನೆಂಬುದು ಅವನಿಗೆ ಮನವರಿಕೆಯಾಗುತ್ತದೆ. ಅಂಥವನೇ ಮರುದಿನ ಅಂಗಳದಲ್ಲಿ ಒಳ್ಳೆಯ ಗುರುವಾಗುತ್ತಾನೆ.

ಮೂರನೆಯ ದೋಷ ಎಲ್ಲಕ್ಕಿಂತ ಗಂಭೀರವಾದದ್ದು. ಶಿಬಿರಕ್ಕೆ ಹಣ ಬೇಕು. ಹಣವಿದ್ದವರ ಮಕ್ಕಳು ಬೇಸಿಗೆಯಲ್ಲಿ ಇಂಗ್ಲಿಷಿನೊಡನೆ ಆಡಿ ಬರುತ್ತಾರೆ. ಇಲ್ಲದವರ ಮಕ್ಕಳು ಬೀದಿಯಲ್ಲಿ ಆಡಿ ಬರುತ್ತಾರೆ. ಸೆಪ್ಟೆಂಬರಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಾಗ ಒಬ್ಬ ಕೈ ಎತ್ತುತ್ತಾನೆ, ಇನ್ನೊಬ್ಬ ತಲೆ ತಗ್ಗಿಸುತ್ತಾನೆ. ಉಪಾಧ್ಯಾಯರು ಮೊದಲನೆಯವನನ್ನು ಜಾಣನೆಂದೂ ಎರಡನೆಯವನನ್ನು ಮಂದನೆಂದೂ ಬಗೆಯುವ ಅಪಾಯವಿದೆ. ಅವರಿಬ್ಬರ ನಡುವಣ ಅಂತರ ಬುದ್ಧಿಯದಲ್ಲ, ಬೇಸಿಗೆಯದು.

ಈ ಅನ್ಯಾಯದ ವಿರುದ್ಧ ಗಟ್ಟಿಯಾಗಿ ದನಿಯೆತ್ತಿದವರೂ ಇಟಲಿಯವರೇ. ಫ್ಲಾರೆನ್ಸಿನ ಬಳಿಯ ಬೆಟ್ಟದ ಮೇಲಿನ ಬಾರ್ಬಿಯಾನಾ ಎಂಬ ಕುಗ್ರಾಮಕ್ಕೆ 1954ರಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿಯನ್ನು ಕಳುಹಿಸಲಾಯಿತು. ಅಲ್ಲಿ ಅವರು ರೈತರ ಮಕ್ಕಳಿಗಾಗಿ ಶಾಲೆಯೊಂದನ್ನು ನಡೆಸಿದರು. ಸರ್ಕಾರಿ ಶಾಲೆಯಲ್ಲಿ ನಪಾಸಾಗಿ ಹೊರಬಿದ್ದ ಹುಡುಗರು ಅಲ್ಲಿ ಕಲಿತರು. ಪದಗಳ ಮೇಲೆ ಒಡೆತನವಿಲ್ಲದ ಬಡವನು ಎಂದೂ ಪರಾಧೀನನೇ ಎಂಬುದು ಮಿಲಾನಿಯವರ ದೃಢವಾದ ನಂಬಿಕೆಯಾಗಿತ್ತು. ಅಲ್ಲಿ ಹಾಡು ಕುಣಿತಗಳಿರಲಿಲ್ಲ, ರಜೆಯೂ ಇರಲಿಲ್ಲ. ವೃತ್ತಪತ್ರಿಕೆಯನ್ನು ಸಾಲುಸಾಲಾಗಿ ಓದಿ ಪ್ರತಿಯೊಂದು ಪದದ ಅರ್ಥವನ್ನು ಬಗೆದು ನೋಡುತ್ತಿದ್ದರು. ಹಿರಿಯ ಹುಡುಗರು ಬೇಸಿಗೆಯಲ್ಲಿ ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳಿಗೆ ಹೋಗಿ, ಕೂಲಿ ಕೆಲಸ ಮಾಡಿ, ದುಡಿಯುತ್ತಲೇ ಆ ದೇಶಗಳ ಭಾಷೆಯನ್ನು ಕಲಿತು ಬಂದರು. ಆ ಶಾಲೆಯ ಎಂಟು ಮಂದಿ ಹುಡುಗರು ಕೂಡಿ ಉಪಾಧ್ಯಾಯಿನಿಯೊಬ್ಬರಿಗೆ ಬರೆದ ಪತ್ರದ ರೂಪದ ಪುಸ್ತಕ 1967ರಲ್ಲಿ ಪ್ರಕಟವಾಗಿ ಇಟಲಿಯ ಶಿಕ್ಷಣ ಪದ್ಧತಿಯನ್ನೇ ಅಲುಗಾಡಿಸಿತು. ಅದೇ ವರ್ಷ ಮಿಲಾನಿಯವರು ತೀರಿಕೊಂಡರು. ಹಣ ತೆತ್ತು ಭಾಷೆಯನ್ನು ಕಲಿಯುವ ಶಿಬಿರ ಒಂದು ಕಡೆ. ಬೆವರು ತೆತ್ತು ಭಾಷೆಯನ್ನು ಕಲಿತ ಈ ಹುಡುಗರು ಇನ್ನೊಂದು ಕಡೆ. ಎರಡರಲ್ಲಿಯೂ ಸಮಾನವಾದ ಅಂಶ ಒಂದೇ: ಆ ಹೊತ್ತಿಗೆ ಆ ಮಾತು ಬೇಕಾಗಿತ್ತು, ಆದ್ದರಿಂದ ಅದು ಬಂತು.

ಹಾಗಿದ್ದರೆ ಶಿಬಿರಕ್ಕೆ ಹೋಗಲಾರದ ಮಕ್ಕಳ ಗತಿಯೇನು? ಶಿಬಿರದ ಸತ್ವವನ್ನು ಶಾಲೆಗೇ ತರುವುದು ಇದಕ್ಕೆ ಪರಿಹಾರ. ಇದು ಬರಿಯ ಕನಸಲ್ಲ. ಇದನ್ನು ಮಾಡಿ ತೋರಿಸಿದ ಕೀರ್ತಿಯಲ್ಲಿ ಕರ್ನಾಟಕಕ್ಕೂ ಪಾಲಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಎಂಬ ವಿದ್ವಾಂಸರು ತಮ್ಮ ಸಹೋದ್ಯೋಗಿಗಳೊಡನೆ ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠಕ್ರಮವನ್ನು ಬದಿಗಿಟ್ಟು, ಮಕ್ಕಳ ಮುಂದೆ ಸಮಸ್ಯೆಗಳನ್ನು ಇಡುವುದು ಅದರ ಕ್ರಮ. ರೈಲಿನ ವೇಳಾಪಟ್ಟಿಯನ್ನು ಕೊಟ್ಟು ಯಾವ ಗಾಡಿ ಹಿಡಿಯಬೇಕೆಂದು ಕೇಳುವುದು. ಊರಿನ ನಕ್ಷೆಯನ್ನು ಕೊಟ್ಟು ದಾರಿ ಹುಡುಕಿಸುವುದು. ಉತ್ತರ ಕಂಡುಹಿಡಿಯುವ ತವಕದಲ್ಲಿ ಮಕ್ಕಳ ಗಮನ ಅರ್ಥದ ಮೇಲಿರುತ್ತದೆ; ಭಾಷೆ ಅದರ ಬೆನ್ನಹಿಂದೆ ತಾನಾಗಿ ಬರುತ್ತದೆ. ಪ್ರಭು ಅವರು ಈ ಪ್ರಯೋಗವನ್ನು ಕುರಿತು ಬರೆದ ಗ್ರಂಥ 1987ರಲ್ಲಿ ಹೊರಬಂದಿತು. 'ಬೆಂಗಳೂರು ಯೋಜನೆ' ಎಂಬ ಹೆಸರಿನಿಂದ ಈ ಪ್ರಯೋಗ ಪ್ರಪಂಚದ ಭಾಷಾಶಿಕ್ಷಕರ ನಡುವೆ ಪ್ರಸಿದ್ಧವಾಗಿದೆ. ಅದಕ್ಕೆ ಬೇಕಾದದ್ದು ಕಡಲ ತೀರವಲ್ಲ, ವಿದೇಶದ ತರುಣರಲ್ಲ. ಒಂದು ಕಪ್ಪು ಹಲಗೆ, ಒಂದು ವೇಳಾಪಟ್ಟಿ, ಯೋಚನೆ ಮಾಡಿ ಪಾಠ ಕಟ್ಟಬಲ್ಲ ಉಪಾಧ್ಯಾಯರು.

ಆದುದರಿಂದ ಶಿಬಿರವನ್ನು ಕಂಡು ಮರುಳಾಗಬೇಕಾದದ್ದೂ ಇಲ್ಲ, ಮೂಗು ಮುರಿಯಬೇಕಾದದ್ದೂ ಇಲ್ಲ. ಅದು ಕಲಿಸುವ ಪಾಠ ಚಿಕ್ಕದು, ಆದರೆ ಬೆಲೆಯುಳ್ಳದ್ದು. ತಪ್ಪು ಮಾಡಲು ಅವಕಾಶವಿರುವ ಕಡೆ ಭಾಷೆ ಬೆಳೆಯುತ್ತದೆ. ನಾಚಿಕೆ ಪಡಿಸುವ ಕಡೆ ಬಾಡುತ್ತದೆ. ಪರಭಾಷೆಯನ್ನು ಕಲಿಯುವುದಕ್ಕಾಗಿ ತನ್ನ ಭಾಷೆಯನ್ನು ಬಿಡಬೇಕಾಗಿಲ್ಲ. ಮನೆಗೆ ಹೊಸ ಕಿಟಕಿಯೊಂದನ್ನು ಇಡಿಸುವವನು ಗೋಡೆಯನ್ನೇ ಕೆಡವುವುದಿಲ್ಲ. ಗೋಡೆ ಗಟ್ಟಿಯಾಗಿದ್ದರೆ ತಾನೆ ಕಿಟಕಿ ನಿಲ್ಲುವುದು? ಕನ್ನಡದಲ್ಲಿ ಚೆನ್ನಾಗಿ ಯೋಚಿಸಬಲ್ಲ ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ತಡವರಿಸಿದರೆ ಅದು ಅವಮಾನವಲ್ಲ, ಪ್ರಯಾಣದ ಮೊದಲ ಹೆಜ್ಜೆ. ತರಗತಿಯಲ್ಲಿ ಜೊತೆಗಾರನೊಬ್ಬನು ತಪ್ಪು ಇಂಗ್ಲಿಷ್ ಆಡಿದಾಗ ನಗುವವರು, ತಮ್ಮ ವಯಸ್ಸಿನ ಇಟಲಿಯ ಬಾಲಕಿಯೊಬ್ಬಳು ಅದೇ ಹೊತ್ತಿಗೆ ಅದೇ ತಪ್ಪನ್ನು ಮಾಡುತ್ತಿರಬಹುದೆಂಬುದನ್ನು ನೆನೆಯಬೇಕು. ಅವಳ ಸುತ್ತಲಿನವರು ನಗದೆ ಕಾದಿದ್ದರೆ, ಅವಳ ಮುಂದಿನ ವಾಕ್ಯ ಸರಿಯಾಗಿಯೇ ಬಂದೀತು.